ಊಟಕ್ಕೆ ಬಾರದವರ ಪಟ್ಟಿ

ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ, ನಮ್ಮ ಹುಡುಗಿಯರ ಹಾಸ್ಟೆಲಿನಲ್ಲಿ ಆ ದಿನ ಯಾರು ಊಟ ಮಾಡಿಲ್ಲ ಎನ್ನುವುದು ನನಗೆ ಗೊತ್ತಾಗುತ್ತಿತ್ತು. ನಾನು ವಾರ್ಡನ್ ಅಲ್ಲ, ಅಡುಗೆಯವಳೂ ಅಲ್ಲ. ಸೋಲದೇವನಹಳ್ಳಿ ಕಡೆಯ ಒಂದು ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಕಂಪ್ಯೂಟರುಗಳನ್ನು ನೋಡಿಕೊಂಡಿರುವವಳು. ನನ್ನ ಕೋಣೆಗೆ ಕಿಟಕಿ ಇಲ್ಲ. ಮೆಷಿನ್‌ಗಳಿಗೆ ಸೆಕೆ ಆಗಬಾರದೆಂದು ಎಸಿ ಸದಾ ಓಡುತ್ತಿರುತ್ತದೆ, ಹಾಗಾಗಿ ಏಪ್ರಿಲ್ ತಿಂಗಳಲ್ಲೂ ನಾನು ಸ್ವೆಟರ್ ಹಾಕಿಕೊಂಡು ಕೂರುತ್ತೇನೆ. ಕಾರಿಡಾರಿನಲ್ಲಿ ನನ್ನನ್ನು ನೋಡಿದ ಹುಡುಗರು ನಕ್ಕರೆ ಅದು ಸ್ವೆಟರ್ ನೋಡಿ ಎಂದುಕೊಳ್ಳುತ್ತೇನೆ. ಬೇರೆ ಕಾರಣವಿದ್ದರೆ ನನಗೆ ತಿಳಿಯುವುದೂ ಬೇಡ.

ಊಟ ಕೂಡ ಅಲ್ಲೇ. ಯಶವಂತಪುರದ ಬಾಡಿಗೆ ಮನೆಯಿಂದ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೊರಟರೆ, ಬಸ್ಸಿನಲ್ಲಿ ಅದು ತೊಡೆಯ ಮೇಲೆ ಬೆಚ್ಚಗೆ ಕೂತಿರುತ್ತದೆ. ಮಧ್ಯಾಹ್ನಕ್ಕೆ ಎಸಿ ಗಾಳಿಗೆ ತಣ್ಣಗಾಗಿರುತ್ತದೆ. ಮೊದಮೊದಲು ಸ್ಟಾಫ್ ರೂಮಿನಲ್ಲೇ ಎಲ್ಲರ ಜೊತೆ ಕೂರುತ್ತಿದ್ದೆ. ಆದರೆ ಅಲ್ಲಿ ಸಾರಿನ ಡಬ್ಬಿ ತೆಗೆಯುವ ಮೊದಲೇ "ನಿಮ್ಮನೆಯವ್ರು ಏನ್ ಮಾಡ್ಕೊಂಡಿದಾರೆ?" ಎಂಬ ಪ್ರಶ್ನೆ ಬರುತ್ತಿತ್ತು. ಗಂಡನಿಂದ ಬೇರೆಯಾಗಿ ಎಷ್ಟೋ ವರ್ಷವಾಗಿದೆ ಎಂದು ಒಂದು ಸಲ ಹೇಳಿದೆ. ಮಾರನೆಯ ದಿನದಿಂದ ಅವರು ನನ್ನ ತಟ್ಟೆಗೆ ಪಲ್ಯ ಹೆಚ್ಚು ಹಾಕತೊಡಗಿದರು. ಪ್ರಶ್ನೆಯನ್ನಾದರೂ ಸಹಿಸಬಹುದು, ಆ ಪಲ್ಯವನ್ನು ಸಹಿಸುವುದು ಕಷ್ಟ. ಡಬ್ಬಿ ಎತ್ತಿಕೊಂಡು ಮೆಷಿನ್ ರೂಮಿಗೆ ಬಂದವಳು ಮತ್ತೆ ಹೋಗಲಿಲ್ಲ. ಯಾರೂ ಕರೆಯಲೂ ಇಲ್ಲ.

ಇನ್ನು ಪಟ್ಟಿಯ ವಿಷಯ. ಹಾಸ್ಟೆಲಿನ ಮೆಸ್ಸಿನ ಬಾಗಿಲಲ್ಲಿ ಒಂದು ಯಂತ್ರ ಇಟ್ಟಿದ್ದರು. ಹುಡುಗಿಯರು ಊಟಕ್ಕೆ ಬಂದಾಗ ಕಾರ್ಡ್ ತೋರಿಸಿದರೆ ಅದು ಕುಂಯ್ ಎಂದು ಅವರ ನಂಬರನ್ನು ಒಂದು ಫೈಲಿಗೆ ಬರೆದುಕೊಳ್ಳುತ್ತದೆ. ಹಾಸ್ಟೆಲಿನಲ್ಲಿ ಇರುವವರೆಲ್ಲರ ನಂಬರುಗಳು ಇನ್ನೊಂದು ಫೈಲಿನಲ್ಲಿ, ಸಾಲಿಗೊಂದರಂತೆ. ಎರಡನ್ನೂ ಹೋಲಿಸಿ ಬಾರದವರ ನಂಬರುಗಳನ್ನು ಭಾನುವಾರ ಬಿಟ್ಟು ದಿನಾ ಮೂರು ಗಂಟೆಗೆ ತಮ್ಮ ಫೋನಿಗೆ ಕಳಿಸಿ ಎಂದು ವಾರ್ಡನ್ ಕೇಳಿದರು. ಹುಡುಗಿಯರು ಉಪವಾಸ ಇರಬಾರದು, ಅಡುಗೆಯೂ ದಂಡವಾಗಬಾರದು ಎನ್ನುವುದು ಅವರ ಆಸೆ. ಒಳ್ಳೆಯ ಹೆಂಗಸು.

ಇಂಥ ಕೆಲಸಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. comm ಎಂಬ ಹಳೆಯ ಕಮಾಂಡ್ ಒಂದಿದೆ. ಕಪ್ಪು ಪರದೆಯಲ್ಲಿ ಅದರ ಹೆಸರು ಟೈಪ್ ಮಾಡಿ ಮುಂದೆ ಎರಡು ಫೈಲುಗಳನ್ನು ಹೇಳಿದರೆ ಮೂರು ಭಾಗ ಮಾಡಿ ಕೊಡುತ್ತದೆ: ಮೊದಲನೆಯದರಲ್ಲಿ ಮಾತ್ರ ಇರುವವರು, ಎರಡನೆಯದರಲ್ಲಿ ಮಾತ್ರ ಇರುವವರು, ಎರಡರಲ್ಲೂ ಇರುವವರು. ನನಗೆ ಬೇಕಾದದ್ದು ಮೊದಲನೆಯ ಭಾಗ. ಹಾಸ್ಟೆಲಿನಲ್ಲಿದ್ದಾರೆ, ಊಟಕ್ಕೆ ಬಂದಿಲ್ಲ. ಆದರೆ ಈ ಕಮಾಂಡಿಗೆ ಒಂದು ನಿಯಮವಿದೆ. ಎರಡು ಪಟ್ಟಿಗಳೂ ಕ್ರಮವಾಗಿ ಜೋಡಿಸಿರಬೇಕು. ಮದುವೆ ಮನೆಯಲ್ಲಿ ಇಬ್ಬರು ಹೆಂಗಸರು ಒಂದೊಂದು ಪಟ್ಟಿ ಹಿಡಿದು, ಬೆರಳಿಟ್ಟುಕೊಂಡು, ಜೊತೆಜೊತೆಗೆ ಕೆಳಗಿಳಿಯುತ್ತಾರಲ್ಲ, ಇದೂ ಹಾಗೇ ಮಾಡುತ್ತದೆ. ಬೆರಳು ಕೆಳಕ್ಕೆ ಇಳಿದ ಮೇಲೆ ಮತ್ತೆ ಮೇಲಕ್ಕೆ ಹತ್ತುವುದಿಲ್ಲ.

ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಲ್ಯಾಬಿನ ಹುಡುಗರಿಗೆ ನಾನೇ ಹೇಳಿಕೊಟ್ಟಿದ್ದೆ. ಊಟದ ಫೈಲನ್ನು sort ಎಂಬ ಇನ್ನೊಂದು ಕಮಾಂಡ್ ದಿನಾ ಕ್ರಮಕ್ಕೆ ತರುವ ಹಾಗೆ ಮಾಡಿದ್ದೆ, ಹಾಸ್ಟೆಲಿನ ಫೈಲು ಮೊದಲೇ ಕ್ರಮದಲ್ಲಿತ್ತು.

ಆ ವರ್ಷ ತರಗತಿಗಳು ಶುರುವಾಗಿ ಎಷ್ಟೋ ದಿನದ ಮೇಲೆ ಡಿಪ್ಲೊಮಾ ಮುಗಿಸಿದ ಹುಡುಗಿಯರು ನೇರ ಎರಡನೆಯ ವರ್ಷಕ್ಕೆ ಸೇರಿದರು. ನಲವತ್ತು ಜನ. ಹಾಸ್ಟೆಲಿನಲ್ಲಿ ಎಲ್ಲೆಲ್ಲಿ ಮಂಚ ಖಾಲಿ ಇತ್ತೋ ಅಲ್ಲಲ್ಲಿ ಅವರನ್ನು ತೂರಿಸಿ, ಆಯಾ ಮಂಚದ ನಂಬರನ್ನೇ ಅವರಿಗೆ ಕೊಟ್ಟರು. ಆಫೀಸಿನವರು ಆ ನಂಬರುಗಳನ್ನು ಒಟ್ಟಿಗೆ ಕಳಿಸಬಾರದೆ? ಬೆಳಿಗ್ಗೆ ಎರಡು, ಮಧ್ಯಾಹ್ನ ಐದು, ಸಂಜೆ ನಾನು ಚೀಲ ಹೆಗಲಿಗೇರಿಸಿದಾಗ ಇನ್ನೊಂದು. ರೇಗಿಹೋಗಿ ಎಲ್ಲವನ್ನೂ ಫೈಲಿನ ಕೊನೆಗೆ ಸೇರಿಸುತ್ತಾ ಹೋದೆ. ನಾಳೆ sort ಮಾಡಿದರಾಯಿತು ಎಂದುಕೊಂಡೆ. ಕಮಾಂಡ್ ಪಾಪ ಮರುದಿನವೇ ದೂರು ಹೇಳಿತು, ಮೊದಲನೆಯ ಫೈಲು ಕ್ರಮದಲ್ಲಿಲ್ಲ ಎಂದು. ಅದರ ಮಾರನೆಯ ದಿನವೂ ಹೇಳಿತು. ಯಾರಾದರೂ ಗೊಣಗಿದರೆ ನನಗಾಗುವುದಿಲ್ಲ. ಗೊಣಗುವುದೇನಿದ್ದರೂ ನನ್ನೊಬ್ಬಳ ಹಕ್ಕು ಎಂದುಕೊಂಡವಳು ನಾನು. ಕಮಾಂಡಿನ ತುದಿಗೆ ನಾಲ್ಕು ಅಕ್ಷರ ಸೇರಿಸಿ, ದೂರುಗಳೆಲ್ಲ ಯಾರ ಕಣ್ಣಿಗೂ ಬೀಳದ ಕಡೆಗೆ ಹೋಗುವ ಹಾಗೆ ಮಾಡಿಬಿಟ್ಟೆ.

ಅಂದಿನಿಂದ ಬಾರದವರ ಪಟ್ಟಿ ಉದ್ದವಾಯಿತು. ಮೊದಲು ದಿನಕ್ಕೆ ಆರೇಳು ನಂಬರು ಬರುತ್ತಿದ್ದವು, ಈಗ ನಲವತ್ತೈದು, ನಲವತ್ತಾರು. ತಡವಾಗಿ ಸೇರಿದವರೆಲ್ಲ ಪ್ರತಿದಿನವೂ ಅದರಲ್ಲಿರುತ್ತಿದ್ದರು. ವಾರ್ಡನ್ ಕೇಳಿದಾಗ, "ಅವ್ರ ಕಾರ್ಡ್ ಇನ್ನೂ ಸರಿಯಾಗಿ ಓದ್ತಿಲ್ಲ ಅನ್ಸುತ್ತೆ ಮೇಡಂ" ಎಂದೆ. ಪರೀಕ್ಷೆ ಮಾಡದೆಯೇ ಹೇಳಿದೆ. ಅವರು ನಂಬಿದರು. ಆಮೇಲೆ ಆ ನಂಬರುಗಳನ್ನು ನೋಡುವುದನ್ನೇ ಬಿಟ್ಟರು. ತೋಳ ಬಂತು ತೋಳ ಎಂದು ದಿನಾ ಕೂಗಿದರೆ ಯಾರು ತಾನೆ ಓಡಿ ಬರುತ್ತಾರೆ?

ಎರಡು ವಾರ ಹೀಗೇ ನಡೆಯಿತು. ಆಮೇಲೆ ಒಂದು ದಿನ ವಾರ್ಡನ್‌ಗೆ ಏನನ್ನಿಸಿತೋ, ನಲವತ್ತು ಜನ ಹೇಗೂ ಉಣ್ಣುವುದಿಲ್ಲವಲ್ಲ ಎಂದು ಅಷ್ಟು ಅಕ್ಕಿ ಕಡಿಮೆ ಹಾಕಲು ಅಡುಗೆಮನೆಗೆ ಹೇಳಿದರು. ಅಂದು ಮಧ್ಯಾಹ್ನ ಎರಡೂವರೆಗೆ ನನ್ನ ಕೋಣೆಯ ಬಾಗಿಲು ದಡಾರನೆ ತೆರೆದುಕೊಂಡಿತು. ಮೆಸ್ಸಿನಲ್ಲಿ ಬಡಿಸುವ ಹೆಂಗಸು. ಕಾಲೇಜಿನ ಪಕ್ಕದ ಹಳೆ ಊರಿನವಳು, ಅರವತ್ತರ ಹತ್ತಿರದ ವಯಸ್ಸು, ಸೆರಗು ಸೊಂಟಕ್ಕೆ ಸಿಕ್ಕಿಸಿ ಸೌಟು ಕೈಯಲ್ಲಿ ಹಿಡಿದೇ ಮೂರು ಮಹಡಿ ಹತ್ತಿ ಬಂದಿದ್ದಳು.

"ನಲವತ್ ಜನ ಉಣ್ಣಾಕಿಲ್ಲ ಅಂತ ಏಳಿದ್ ಮಿಸಿನ್ನು ಇದೇನಾ?"

"ಹೌದು. ಯಾಕೆ?"

"ಎಲ್ರೂ ದಿನಾ ಉಣ್ತವ್ರೆ ಕಣಮ್ಮ. ಅನ್ನ ಸಾಲ್ದೆ ಇಪ್ಪತ್ ಉಡ್ಗೀರು ತಟ್ಟೆ ಇಡ್ಕೊಂಡು ನಿಂತವ್ರೆ."

"ಮೆಷಿನ್ ಸುಳ್ಳು ಹೇಳಲ್ಲ" ಎಂದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

"ಅಂಗಾದ್ರೆ ಇಷ್ಟ್ ದಿನ ನಲವತ್ ಜನದ ಅನ್ನ ಮಿಕ್ಬೇಕಿತ್ತಲ್ಲ? ಒಂದಿನಾನೂ ಮಿಕ್ಕಿಲ್ಲ. ಪಾತ್ರೆ ಸುಳ್ ಏಳ್ತದಾ?"

ಉತ್ತರಕ್ಕೂ ಕಾಯದೆ ಇಳಿದು ಹೋದಳು. ನನಗೆ ಮೈ ಉರಿಯಿತು. ಉರಿ ಸ್ವಲ್ಪ ತಣಿದ ಮೇಲೆ ಕುರ್ಚಿ ಎಳೆದುಕೊಂಡು, ದೂರುಗಳನ್ನು ಮುಚ್ಚಿದ್ದ ಆ ನಾಲ್ಕು ಅಕ್ಷರ ಅಳಿಸಿ ಕಮಾಂಡ್ ಓಡಿಸಿದೆ. ಅದೇ ಸಾಲು. ಮೊದಲನೆಯ ಫೈಲು ಕ್ರಮದಲ್ಲಿಲ್ಲ. ಆಗ ಅರ್ಥವಾಯಿತು. ಆ ನಲವತ್ತು ಜನ ಉಂಡೇ ಇದ್ದರು. ನಾನು ಅವರನ್ನು ಪಟ್ಟಿಯ ಬಾಲಕ್ಕೆ ಕಟ್ಟಿದ್ದರಿಂದ, ಕಮಾಂಡ್ ಅವರ ಹತ್ತಿರ ಬರುವ ಹೊತ್ತಿಗೆ ಊಟದ ಪಟ್ಟಿಯ ಮೇಲಿನ ಬೆರಳು ಅವರ ಜಾಗ ದಾಟಿ ಹೋಗಿರುತ್ತಿತ್ತು. ಹೊಟ್ಟೆ ತುಂಬ ಉಂಡವರೂ ಉಪವಾಸ ಇದ್ದವರಾಗುತ್ತಿದ್ದರು.

sort ಮಾಡಿ ಮತ್ತೆ ಓಡಿಸಿದೆ. ಏಳು ನಂಬರು. ಅಬ್ಬ ಎಂದುಕೊಂಡೆ. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ನನಗೆ ಯಾವುದನ್ನೂ ಎಸೆಯುವ ಅಭ್ಯಾಸವಿಲ್ಲ, ಹಿಂದಿನ ದಿನಗಳ ಫೈಲುಗಳೆಲ್ಲ ಹಾಗೇ ಇದ್ದವು. ಒಂದೊಂದನ್ನೇ ಸರಿಪಡಿಸಿ, ಬಾರದವರ ಪಟ್ಟಿಗಳನ್ನೇ ಒಂದಕ್ಕೊಂದು ಹೋಲಿಸುತ್ತ ಹೋದೆ. ದಿನವೂ ಬದಲಾಗುವ ನಂಬರುಗಳು ಉದುರುತ್ತ ಬಂದು ಕೊನೆಗೆ ಒಂದು ಉಳಿಯಿತು. ತಡವಾಗಿ ಬಂದ ನಲವತ್ತು ಜನರಲ್ಲಿ ಒಬ್ಬಳು. ಬಂದ ಮೊದಲ ನಾಲ್ಕು ದಿನ ಉಂಡಿದ್ದಾಳೆ. ಆಮೇಲೆ ಹನ್ನೊಂದು ದಿನದಿಂದ ಇಲ್ಲ. ರಾತ್ರಿಯ ಊಟದ ಫೈಲಿನಲ್ಲೂ ಇಲ್ಲ.

ಹನ್ನೊಂದು ದಿನವೂ ಅವಳ ನಂಬರು ಸರಿಯಾಗಿಯೇ ವಾರ್ಡನ್ ಫೋನಿಗೆ ಹೋಗಿತ್ತು. ಮೂವತ್ತೊಂಬತ್ತು ಸುಳ್ಳುಗಳ ನಡುವೆ ಒಂದು ನಿಜವಾಗಿ ಹೋಗಿತ್ತು. ಯಾರಿಗೆ ಕಾಣುತ್ತದೆ?

ವಾರ್ಡನ್‌ಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ, ನನ್ನ ತಪ್ಪು ಮೊದಲು ಹೊರಬರುತ್ತದಲ್ಲ ಎಂಬ ಹೆದರಿಕೆ. ನಾನೇ ಹಾಸ್ಟೆಲಿಗೆ ಹೋಗಿ ಆ ನಂಬರಿನ ಮಂಚವಿದ್ದ ಕೋಣೆ ಹುಡುಕಿದೆ. ಬಾಗಿಲು ಅರ್ಧ ತೆರೆದಿತ್ತು. ಮಂಚದ ಮೇಲೆ ಸಣ್ಣಗಿನ ಹುಡುಗಿಯೊಬ್ಬಳು ಕಾಲು ಮಡಚಿ ಕೂತು ಬನ್ನಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತಿದ್ದಳು. ಕೆಳಗೆ ಜಿಪ್ ಎಳೆದ ಬ್ಯಾಗ್ ಸಿದ್ಧವಾಗಿತ್ತು. ನನ್ನನ್ನು ನೋಡಿ ಗಡಬಡಿಸಿ ಎದ್ದಳು. ಊಟಕ್ಕೆ ಯಾಕೆ ಬರುತ್ತಿಲ್ಲ ಎಂದು ಕೇಳಿದೆ. ಕೈಗೆ ಅಂಟಿದ ಪುಡಿ ಒರೆಸಿಕೊಳ್ಳುತ್ತಾ ರಾಯಚೂರು ಕಡೆಯ ಮಾತಿನಲ್ಲಿ ಹೇಳಿದಳು.

"ಒಬ್ಬಾಕಿನೇ ಕುಂತು ಉಣ್ಣಾಕ ಆಗಂಗಿಲ್ರೀ ಮೇಡಂ. ಎಲ್ಲಾರೂ ಗುಂಪು ಗುಂಪು ಕುಂತಿರ್ತಾರ. ತಾಟು ಹಿಡ್ಕೊಂಡು ಎಲ್ಲಿ ಕೂಡ್ಲಿ ಅಂತ ನಿಂತ್ರ, ಎಲ್ಲಾರೂ ನನ್ನೇ ನೋಡಿದಂಗ ಆಗ್ತದ."

"ಮತ್ತೆ ಇಷ್ಟು ದಿನ ಏನ್ ತಿಂದೆ?"

"ಅವ್ವ ರೊಟ್ಟಿ ಕಟ್ಟಿದ್ಲು. ಅವು ತೀರಿ ಐದು ದಿನ ಆತ್ರೀ. ಶನಿವಾರ ಊರಿಗೆ ಹೊಂಟೀನಿ. ಮತ್ತ ಬರಂಗಿಲ್ಲ."

ಇಂಥ ಕಡೆ ಬುದ್ಧಿ ಹೇಳುವುದು ಸುಲಭ. ಇಷ್ಟಕ್ಕೆಲ್ಲ ಓದು ಬಿಡುತ್ತಾರೇನೇ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂತು ಕೂಡ. ಆದರೆ ಹದಿನಾಲ್ಕು ವರ್ಷದಿಂದ ಕಿಟಕಿಯಿಲ್ಲದ ಕೋಣೆಯಲ್ಲಿ ತಣ್ಣನೆ ಡಬ್ಬಿ ತಿನ್ನುತ್ತಿರುವವಳು ಯಾವ ಬಾಯಲ್ಲಿ ಹೇಳಬೇಕು? "ನಾಳೆ ಒಂದು ಗಂಟೆಗೆ ಮೆಸ್ಸಿನ ಬಾಗಿಲ ಹತ್ರ ನಿಂತಿರು. ನಂಗೂ ಒಬ್ಳೇ ಊಟ ಮಾಡಿ ಸಾಕಾಗಿದೆ" ಎಂದೆ. ಅವಳಿಗಾಗಿ ಹೇಳಿದ ಮಾತು ನಿಜವೇ ಎಂದು ಮೆಟ್ಟಿಲು ಇಳಿಯುವಾಗ ಗೊತ್ತಾಯಿತು. ಅವಳ ನಂಬರನ್ನು ನಾನೇ ಮುಚ್ಚಿಹಾಕಿದ್ದೆ ಎಂಬುದನ್ನು ಮಾತ್ರ ಅಂದೂ ಹೇಳಲಿಲ್ಲ, ಇಂದಿಗೂ ಹೇಳಿಲ್ಲ.

ಸಿಬ್ಬಂದಿಯೂ ಮೆಸ್ಸಿನಲ್ಲಿ ಉಣ್ಣಬಹುದು ಎಂಬ ನಿಯಮ ಮೊದಲಿನಿಂದ ಇತ್ತು, ನಾನು ಬಳಸಿರಲಿಲ್ಲ. ಆ ಸಂಜೆ ನನ್ನ ಕಾರ್ಡಿಗೂ ಮೆಸ್ಸಿನ ಯಂತ್ರಕ್ಕೂ ಸಂಬಂಧ ಜೋಡಿಸಿದೆ. ಹಾಗೇ ಹಾಸ್ಟೆಲಿನ ಫೈಲು ತೆರೆದು ನನ್ನ ನಂಬರನ್ನೂ ಒಂದು ಸಾಲಿನಲ್ಲಿ ಬರೆದೆ. ಎಲ್ಲ ಸರಿಯಾಗಿ ಓಡುತ್ತದೆಯೇ ಎಂದು ಪರೀಕ್ಷಿಸಲು ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಬಾರದಿದ್ದರೆ ಬಂದಿಲ್ಲವೆಂದು ಹೇಳುವ ಒಂದು ಪಟ್ಟಿಯಲ್ಲಿ ನಾನೂ ಇರಬೇಕು ಎನ್ನಿಸಿತ್ತು. ಈ ಸಲ sort ಮಾಡುವುದನ್ನು ಮರೆಯಲಿಲ್ಲ.

ಮರುದಿನ ಹುಡುಗಿ ಬಾಗಿಲ ಬಳಿ ನಿಂತಿದ್ದಳು. ಕೈತೊಳೆಯುವ ನಲ್ಲಿಯ ಪಕ್ಕದ ಮೇಜಿನಲ್ಲಿ ಎದುರುಬದುರು ಕೂತೆವು. ಮಾತು ಹೆಚ್ಚಿರಲಿಲ್ಲ. ಇಲ್ಲಿನ ಸಾರು ಸಿಹಿ ಎಂದು ಅವಳು, ನಿಮ್ಮ ಕಡೆಯ ಚಟ್ನಿ ಬೆಂಕಿ ಎಂದು ನಾನು. ಶನಿವಾರ ಬಂತು, ಹೋಯಿತು. ಬ್ಯಾಗಿನ ವಿಷಯ ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಒಂದು ದಿನ, ಡಾಕ್ಟರು ಅನ್ನ ಕಡಿಮೆ ಮಾಡಿ ಎಂದಿದ್ದಾರೆ ಎಂದು ನಾನು ಅವಳಿಗೆ ಹೇಳುತ್ತಿದ್ದದ್ದು ಬಡಿಸುವ ಹೆಂಗಸಿನ ಕಿವಿಗೆ ಬಿತ್ತು. ಅಡುಗೆಮನೆಯವರು ತಮಗೆಂದು ಹಿಂದುಗಡೆ ಬೇರೆ ಒಲೆಯಲ್ಲಿ ರಾಗಿ ಮುದ್ದೆ ಮಾಡಿಕೊಳ್ಳುತ್ತಿದ್ದರು. ಅದರಲ್ಲಿ ಒಂದನ್ನು ತಂದು ನನ್ನ ತಟ್ಟೆಗೆ ಇಟ್ಟಳು.

"ನಾವ್ ಏಳ್ ಜನ. ನಾಳೆಯಿಂದ ಎಂಟ್ ಕಟ್ತೀನಿ ಬುಡಿ" ಎಂದಳು. ಸೌಟಿನ ಜಗಳದ ಬಗ್ಗೆ ಇಬ್ಬರೂ ಚಕಾರ ಎತ್ತಲಿಲ್ಲ.

ಸುಮಾರು ಒಂದೂವರೆ ತಿಂಗಳು ಹೀಗೆ ಕೂತು ಉಂಡೆವು. ಅಷ್ಟು ದಿನ ಬೆಳಿಗ್ಗೆ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಡಬ್ಬಿ ಇರಲಿಲ್ಲ. ಒಂದು ಮಧ್ಯಾಹ್ನ ಹುಡುಗಿ ತಟ್ಟೆ ಹಿಡಿದು ನನ್ನ ಮುಂದೆ ನಿಂತಳು, ಕೂರಲಿಲ್ಲ. ಅವಳ ಹಿಂದೆ ಮೂವರು ಹುಡುಗಿಯರು ಕಾಯುತ್ತಿದ್ದರು. "ಮೇಡಂ, ಇವತ್ತು ಇವ್ರ ಜೋಡಿ ಕೂಡ್ಲೇನ್ರೀ?" ಎಂದಳು.

"ಹೋಗೇ, ಅದನ್ನೇನ್ ಕೇಳ್ತೀಯ" ಎಂದೆ.

ಸಂತೋಷವಾಯಿತು ಎಂದರೆ ಅರ್ಧ ನಿಜ. ಇದಕ್ಕಾಗಿಯೇ ಅಲ್ಲವೇ ನಾನು ಅವಳನ್ನು ಕರೆತಂದದ್ದು? ಆದರೂ ಆ ಮಧ್ಯಾಹ್ನ ಎದುರಿನ ಖಾಲಿ ಕುರ್ಚಿ ನೋಡಿಕೊಂಡು ಮುದ್ದೆ ಮುರಿಯುವಾಗ, ಮೆಷಿನ್ ರೂಮಿನಲ್ಲಿ ಒಬ್ಬಳೇ ಉಣ್ಣುವಾಗ ಆಗದಷ್ಟು ಸಂಕಟವಾಯಿತು. ಅಲ್ಲಿಯಾದರೆ ಒಂದೇ ಕುರ್ಚಿ ಇತ್ತು. ಮತ್ತೆ ಡಬ್ಬಿ ಕಟ್ಟೋಣವೇ ಎಂದು ಯೋಚಿಸಿದೆ. ಮುದ್ದೆಯ ಆಸೆ ಬಿಡಲಿಲ್ಲ. ನಲ್ಲಿಯ ಪಕ್ಕದ ಮೇಜಿನಲ್ಲಿ ಒಬ್ಬಳೇ ಕೂತು ಉಣ್ಣುತ್ತಾ ಹೋದೆ. ಹುಡುಗಿ ದೂರದಿಂದ ಕೈ ಎತ್ತುತ್ತಿದ್ದಳು. ಕೆಲವು ದಿನ ಮರೆಯುತ್ತಿದ್ದಳು, ವಯಸ್ಸೇ ಅಂಥದ್ದು.

ಅದಾದ ಮೇಲೆ ನನಗೆ ಜ್ವರ ಬಂತು. ಮೂರು ದಿನ ಯಶವಂತಪುರದ ಮನೆಯಲ್ಲಿ ಮಲಗಿದ್ದೆ. ಮಾರ್ಕೆಟ್ ಯಾರ್ಡಿನ ಈರುಳ್ಳಿ ಘಾಟು ಕಿಟಕಿಯಿಂದ ಬರುತ್ತಿತ್ತು, ಎದ್ದು ಕಿಟಕಿ ಮುಚ್ಚುವ ಶಕ್ತಿಯಿಲ್ಲ. ಆಫೀಸಿಗೆ ಫೋನಿನಿಂದಲೇ ರಜೆ ಹಾಕಿದ್ದೆ, ಮಂಜೂರಾಗಿದೆ ಎಂಬ ಸಂದೇಶ ತಾನಾಗಿಯೇ ಬಂದಿತ್ತು. ಮೊದಲ ದಿನ ಮಧ್ಯಾಹ್ನ ಮೂರಕ್ಕೆ ಗಡಿಯಾರ ನೋಡಿದೆ. ಈಗ ಅಲ್ಲಿ ಕಮಾಂಡ್ ತಾನಾಗಿ ಓಡುತ್ತದೆ, ನನ್ನ ನಂಬರು ವಾರ್ಡನ್ ಫೋನಿಗೆ ಹೋಗುತ್ತದೆ. ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡೆ. ಒಂದು ಸಲ ರಿಂಗಾಯಿತು. ಗ್ಯಾಸ್ ಸಿಲಿಂಡರ್ ತಂದವನು, ಮನೇಲಿ ಯಾರಾದ್ರೂ ಇದೀರಾ ಎಂದು ಕೇಳಿದ. ಎರಡನೆಯ ದಿನವೂ ಮೂರಕ್ಕೆ ನೋಡಿದೆ. ಮೂರನೆಯ ದಿನ ನೋಡಬಾರದು ಎಂದುಕೊಂಡು ನೋಡಿದೆ. ಹೆಂಗಸೊಬ್ಬಳು ಐವತ್ತು ದಾಟಿದ ಮೇಲೆ ತಾನೇ ಬರೆದ ಪ್ರೋಗ್ರಾಮು ತನ್ನನ್ನು ಹುಡುಕಲಿ ಎಂದು ಕಾಯುವುದು ನಗೆಪಾಟಲಿನ ಸಂಗತಿ. ನಗು ಬರಲಿಲ್ಲ.

ನಾಲ್ಕನೆಯ ದಿನ ಕಾಲೇಜಿಗೆ ಹೋದೆ. ಗೇಟಿನ ಹತ್ತಿರವೇ ವಾರ್ಡನ್ ಸಿಕ್ಕರು.

"ಒಳ್ಳೇ ಟೈಮಿಗೆ ಸಿಕ್ಕಿದ್ರಿ ಮೇಡಂ. ನಿಮ್ ಪ್ರೋಗ್ರಾಂ ಮತ್ತೆ ಕೈ ಕೊಟ್ಟಿದೆ ಕಣ್ರೀ. ಮೂರು ದಿನದಿಂದ ಯಾವ್ದೋ ಒಂದು ನಂಬರ್ ಬರ್ತಾನೇ ಇದೆ. ಇಡೀ ಹಾಸ್ಟೆಲ್ ಹುಡುಕಿದ್ವಿ, ಆ ನಂಬರಿನವ್ರು ಯಾರೂ ಇಲ್ಲ. ಸ್ವಲ್ಪ ನೋಡಿ ತೆಗೆದುಬಿಡಿ."

ಹುಡುಕಿದ್ದರು ಪಾಪ. ತಪ್ಪು ಅವರದಲ್ಲ, ಆ ನಂಬರು ಯಾರದೆಂದು ನಾನು ಯಾರಿಗೂ ಹೇಳಿರಲಿಲ್ಲವಲ್ಲ. ಈಗ ಹೇಳಬಹುದಿತ್ತು. "ಸರಿ ಮಾಡ್ತೀನಿ ಮೇಡಂ" ಎಂದೆ. ಮಹಡಿ ಹತ್ತಿ, ಸ್ವೆಟರ್ ಹಾಕಿಕೊಂಡು, ಹಾಸ್ಟೆಲಿನ ಫೈಲು ತೆರೆದು ನನ್ನ ಸಾಲನ್ನು ಅಳಿಸಿದೆ. ಒಂದು ಸಾಲು ಅಳಿಸಿದರೆ ಕೆಳಗಿನವು ತಾವೇ ಮೇಲೆ ಬಂದು ಕೂಡಿಕೊಳ್ಳುತ್ತವೆ, ಅಲ್ಲೇನಿತ್ತು ಎಂಬ ಗುರುತೂ ಉಳಿಯುವುದಿಲ್ಲ.

ಒಂದು ಗಂಟೆಗೆ ಮೆಸ್ಸಿಗೆ ಹೋಗಲು ಮನಸ್ಸಿರಲಿಲ್ಲ. ಡಬ್ಬಿಯೂ ತಂದಿರಲಿಲ್ಲ, ಹಸಿವಾಗಿತ್ತು, ಹೋದೆ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದವಳನ್ನು ಬಡಿಸುವ ಹೆಂಗಸು ದೂರದಿಂದಲೇ ಕಂಡಳು. ಎಲ್ಲರ ಎದುರೂ ದನಿ ಎತ್ತಿದಳು.

"ಮೂರ್ ದಿನ ಎಲ್ಲೋಗಿದ್ರಿ? ಒಂದ್ ಮಾತ್ ಏಳ್ಬಾರ್ದಾ?"

"ಜ್ವರ ಬಂದಿತ್ತು" ಎಂದೆ.

"ದಿನಾ ಎಂಟೇ ಕಟ್ಟಿವ್ನಿ. ದಿನಾ ಒಂದ್ ಮುದ್ದೆ ಮಿಕ್ತದೆ. ಮೊನ್ನೆದ್ ದನಕ್ ಆಕ್ದೆ, ನಿನ್ನೆದೂ ದನಕ್ಕೇ ಆಕ್ದೆ. ಇವತ್ತೂ ಮಿಕ್ಕಿದ್ರೆ ನಿಮ್ಮನೆ ಎಲ್ಲೈತೆ ಅಂತ ಕೇಳ್ಕೊಂಡ್ ಬರೋವ್ಳಿದ್ದೆ."

ಬೈಯುತ್ತಲೇ ಮುದ್ದೆ ಇಟ್ಟು, ಗುಳಿ ಮಾಡಿ, ಸೊಪ್ಪಿನ ಸಾರು ಹುಯ್ದಳು. ಹಿಂದೆ ನಿಂತ ಹುಡುಗಿಯರು ಮುಂದೆ ಸರಿಯಿರಿ ಎನ್ನುವ ತನಕ ನಾನು ಅಲ್ಲೇ ನಿಂತಿದ್ದೆ. ಆಮೇಲೆ ನಲ್ಲಿಯ ಪಕ್ಕದ ಮೇಜಿಗೆ ಹೋಗಿ, ಮುಖ ಗೋಡೆಯ ಕಡೆ ಮಾಡಿಕೊಂಡು ಕೂತೆ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಆ ದಿನ ಮೊದಲ ತುತ್ತು ಗಂಟಲಲ್ಲಿ ಇಳಿಯಲು ಬಹಳ ಹೊತ್ತು ಹಿಡಿಯಿತು.